ತಗಡು, ಅಚ್ಚು ಮತ್ತು ಕೈಬೆರಳು

ಗೋಡೆಯ ಸ್ವಿಚ್ಚಿನೊಳಗಿರುವ ಹಿತ್ತಾಳೆಯ ನಾಲಗೆ, ಮಿಕ್ಸಿಯ ಮೋಟಾರಿನೊಳಗಿನ ಉಕ್ಕಿನ ಹಾಳೆಗಳು, ಅಡುಗೆಮನೆಯ ಸ್ಟೀಲು ಡಬ್ಬಿ, ಕೈಗಡಿಯಾರದ ಹಲ್ಲುಚಕ್ರ, ಮೋಟಾರ್ ಸೈಕಲ್ಲಿನ ಸರಪಳಿಯ ಕೊಂಡಿ: ಇವೆಲ್ಲ ಒಂದೇ ಕುಲಕ್ಕೆ ಸೇರಿದ ವಸ್ತುಗಳೆಂದರೆ ಕೆಲವರಿಗಾದರೂ ಆಶ್ಚರ್ಯವಾದೀತು. ಇವುಗಳಲ್ಲಿ ಯಾವುದನ್ನೂ ಎರಕ ಹೊಯ್ದು ಮಾಡುವುದಿಲ್ಲ. ಲೇತ್ ಯಂತ್ರದಲ್ಲಿ ಕೆತ್ತುವುದೂ ಅಪರೂಪ. ಲೋಹದ ತಗಡನ್ನು ಎರಡು ಅಚ್ಚುಗಳ ನಡುವೆ ಇರಿಸಿ, ಪ್ರೆಸ್ ಎಂಬ ಒತ್ತುಯಂತ್ರದ ಹೊಡೆತದಿಂದ ಕತ್ತರಿಸಿ, ಬಾಗಿಸಿ, ಎಳೆದು ಇವುಗಳಿಗೆ ರೂಪ ಕೊಡಲಾಗುತ್ತದೆ. ಈ ಕ್ರಿಯೆಗೆ ಸ್ಟಾಂಪಿಂಗ್ ಎಂದು ಹೆಸರು. ಒಂದು ಹೊಡೆತಕ್ಕೆ ಒಂದು ವಸ್ತು ಸಿದ್ಧವಾಗುವ ಈ ವಿಧಾನವಿಲ್ಲದಿದ್ದರೆ ಇಂದಿನ ಗೃಹೋಪಯೋಗಿ ವಸ್ತುಗಳು ಸಾಮಾನ್ಯ ಸಂಸಾರದ ಕೈಗೆ ಎಟುಕುತ್ತಿರಲಿಲ್ಲ.

ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಯಾರಾದರೊಬ್ಬರು ಇಂತಹ ಕಾರ್ಖಾನೆಯಲ್ಲಿ ದುಡಿಯುತ್ತಿರಬಹುದು, ಇಲ್ಲವೆ ಊರಿನಿಂದ ಡಿಪ್ಲೊಮಾ ಮುಗಿಸಿ ಬಂದ ತರುಣನೊಬ್ಬನಿಗೆ ಅಲ್ಲಿ ಕೆಲಸ ಹುಡುಕಿಕೊಡಬೇಕಾಗಿ ಬರಬಹುದು. ಆಗ ಸಂಬಳವೆಷ್ಟು, ಪಾಳಿ ಯಾವುದು ಎಂಬ ಪ್ರಶ್ನೆಗಳೊಡನೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯುಂಟು: ಆ ಕಾರ್ಖಾನೆಯಲ್ಲಿ ತಗಡನ್ನು ಅಚ್ಚಿನೊಳಗೆ ಇಡುವುದು ಯಂತ್ರವೋ, ಮನುಷ್ಯನ ಕೈಯೋ? ಸ್ಟಾಂಪಿಂಗಿನ ವಿಧಾನಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರೆ ಈ ಪ್ರಶ್ನೆಯ ಮಹತ್ವ ತಾನಾಗಿಯೇ ತಿಳಿಯುತ್ತದೆ.

ಮೂರು ನಗರಗಳು, ಮೂರು ಬೇಡಿಕೆಗಳು

1962ರಲ್ಲಿ ಗುಜರಾತ್ ಔದ್ಯೋಗಿಕ ಅಭಿವೃದ್ಧಿ ನಿಗಮ ಸ್ಥಾಪನೆಯಾದ ಮೇಲೆ ರಾಜ್ಯದ ನಗರಗಳ ಅಂಚಿನಲ್ಲಿ ಕೈಗಾರಿಕಾ ವಸಾಹತುಗಳು ಒಂದೊಂದಾಗಿ ತಲೆಯೆತ್ತಿದವು. ಅಹಮದಾಬಾದಿನ ವಟವಾ, ನರೋಡಾ, ಓಢವ್, ವಡೋದರೆಯ ಮಕರಪುರಾ, ಸೂರತ್ತಿನ ಸಚಿನ್ ಮೊದಲಾದ ಹೆಸರುಗಳು ಇಲ್ಲಿನ ಕನ್ನಡಿಗರಿಗೆ ಹೊಸವಲ್ಲ. ತಗಡಿನ ಕೆಲಸ ಮೂರು ನಗರಗಳಲ್ಲಿಯೂ ಉಂಟಾದರೂ ಬೇಡಿಕೆಯ ಸ್ವರೂಪ ಬೇರೆ ಬೇರೆ.

ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿಯನ್ನು ರಣಛೋಡಲಾಲ್ ಛೋಟಾಲಾಲ್ ಅವರು 1861ರಲ್ಲಿ ನಡೆಸತೊಡಗಿದರು. ಗಿರಣಿಗಳ ಜೊತೆಯಲ್ಲಿಯೇ ಯಂತ್ರಭಾಗಗಳ ಕಸಬೂ ಬೆಳೆಯಿತು. 1980ರ ದಶಕದಲ್ಲಿ ಗಿರಣಿಗಳು ಸಾಲುಸಾಲಾಗಿ ಮುಚ್ಚಿದವಾದರೂ ಯಂತ್ರೋದ್ಯಮ ಉಳಿಯಿತು. 2010ರಲ್ಲಿ ಸಾಣಂದದಲ್ಲಿ ಟಾಟಾ ಮೋಟಾರ್ಸ್ ಕಾರ್ಖಾನೆಯೂ 2017ರಲ್ಲಿ ಹಾಂಸಲ್‌ಪುರದಲ್ಲಿ ಸುಝುಕಿ ಕಾರ್ಖಾನೆಯೂ ಕೆಲಸ ಆರಂಭಿಸಿದ ಮೇಲೆ ಮೋಟಾರು ವಾಹನಗಳ ತಗಡಿನ ಭಾಗಗಳಿಗೆ ಬೇಡಿಕೆ ಹೆಚ್ಚಿತು. ವಡೋದರಾ ವಿದ್ಯುತ್ ಉಪಕರಣಗಳ ನಗರ. 1943ರಲ್ಲಿ ಆರಂಭವಾದ ಜ್ಯೋತಿ ಸಂಸ್ಥೆಯ ಪಂಪು, ಮೋಟಾರುಗಳಿಂದ ಹಿಡಿದು ಸುತ್ತಮುತ್ತಲಿನ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಗಳವರೆಗೆ ಎಲ್ಲಕ್ಕೂ ತೆಳುವಾದ ಉಕ್ಕಿನ ಹಾಳೆಗಳು ಬೇಕು. ಸೂರತ್ತು ಮಗ್ಗಗಳ ನಗರ. ಮಗ್ಗದ ಪ್ರತಿಯೊಂದು ಹಾಸುನೂಲಿಗೂ ಒಂದೊಂದು ಚಿಕ್ಕ ಉಕ್ಕಿನ ಪಟ್ಟಿ ಬೇಕಾಗುತ್ತದೆ.

ಕತ್ತರಿಸುವಾಗ ನಡೆಯುವುದೇನು?

ತಗಡನ್ನು ಕತ್ತರಿಸುವ ಮೇಲಿನ ಅಚ್ಚಿಗೆ ಪಂಚ್ ಎಂದೂ ಕೆಳಗಿನ ಅಚ್ಚಿಗೆ ಡೈ ಎಂದೂ ಹೆಸರು. ಪಂಚ್ ಕೆಳಗಿಳಿದಾಗ ತಗಡು ಮೊದಲು ತುಸು ಬಾಗುತ್ತದೆ; ಅನಂತರ ಅದರ ದಪ್ಪದ ಸುಮಾರು ಮೂರನೆಯ ಒಂದು ಭಾಗ ನಯವಾಗಿ ಕತ್ತರಿಸಲ್ಪಡುತ್ತದೆ; ಉಳಿದ ಭಾಗ ಒಮ್ಮೆಗೇ ಬಿರಿದು ಹರಿಯುತ್ತದೆ. ಆದುದರಿಂದ ಸಾಧಾರಣ ಸ್ಟಾಂಪಿಂಗಿನಿಂದ ಬಂದ ತುಣುಕಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಒಂದು ಹೊಳೆಯುವ ಪಟ್ಟಿಯೂ ಅದರ ಪಕ್ಕದಲ್ಲಿ ಒರಟಾದ ಪಟ್ಟಿಯೂ ಕಾಣುತ್ತವೆ. ಅಂಚಿನ ತುದಿಯಲ್ಲಿ ಏಳುವ ಸಣ್ಣ ಮುಳ್ಳಿಗೆ ಕೆಲಸಗಾರರು ಬರ್ ಎನ್ನುತ್ತಾರೆ.

ಪಂಚಿಗೂ ಡೈಗೂ ನಡುವೆ ಎಷ್ಟು ಸಂದು ಇರಬೇಕೆಂಬುದೇ ಇಲ್ಲಿನ ಮುಖ್ಯ ವಿದ್ಯೆ. ಸಾಮಾನ್ಯವಾಗಿ ಒಂದೊಂದು ಬದಿಗೆ ತಗಡಿನ ದಪ್ಪದ ನೂರಕ್ಕೆ 5ರಿಂದ 10ರಷ್ಟು ಸಂದನ್ನು ಬಿಡಲಾಗುತ್ತದೆ. ಸಂದು ಹೆಚ್ಚಾದರೆ ಅಂಚು ಒರಟಾಗುತ್ತದೆ. ಕಡಿಮೆಯಾದರೆ ಅಚ್ಚು ಬೇಗ ಸವೆಯುತ್ತದೆ. ಅಚ್ಚಿನ ಮೊನೆ ಮೊಂಡಾದಂತೆ ಬರ್ ದೊಡ್ಡದಾಗುತ್ತದೆ.

ಕತ್ತರಿಸಲು ಬೇಕಾದ ಬಲವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಕತ್ತರಿಸುವ ಗೆರೆಯ ಉದ್ದವನ್ನು ತಗಡಿನ ದಪ್ಪದಿಂದಲೂ ಲೋಹದ ಕತ್ತರಿಕೆಯ ತಡೆಬಲದಿಂದಲೂ ಗುಣಿಸಿದರೆ ಸಾಕು. 20 ಮಿಲಿಮೀಟರ್ ವ್ಯಾಸದ ಬಿಲ್ಲೆಯ ಸುತ್ತಳತೆ ಸುಮಾರು 63 ಮಿ.ಮೀ. ಮೆದು ಉಕ್ಕಿನ ತಡೆಬಲ ಚದರ ಮಿಲಿಮೀಟರಿಗೆ 300 ನ್ಯೂಟನ್ ಎಂದಿಟ್ಟುಕೊಂಡರೆ, 1 ಮಿ.ಮೀ. ದಪ್ಪದ ತಗಡಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಚಿಕ್ಕದಾದ ಈ ಬಿಲ್ಲೆಯನ್ನು ಕತ್ತರಿಸಲು ಸುಮಾರು 2 ಟನ್ ಬಲ ಬೇಕು. ಉಕ್ಕನ್ನೇ ಹರಿಯುವ ಈ ಬಲದ ಮುಂದೆ ಮನುಷ್ಯನ ಮೂಳೆ ಯಾವ ಲೆಕ್ಕವೂ ಅಲ್ಲವೆಂಬುದನ್ನು ಇಲ್ಲಿಯೇ ನೆನಪಿಡಬೇಕು.

ವಿಧಾನಗಳ ಹೋಲಿಕೆ

ಮೊದಲನೆಯದು ಒಂಟಿ ಹೊಡೆತದ ಅಚ್ಚು. ಒಂದು ಅಚ್ಚು ಒಂದೇ ಕೆಲಸ ಮಾಡುತ್ತದೆ: ಒಂದರಲ್ಲಿ ಬಿಲ್ಲೆ ಕತ್ತರಿಸಬೇಕು, ಮತ್ತೊಂದರಲ್ಲಿ ತೂತು ಕೊರೆಯಬೇಕು, ಮೂರನೆಯದರಲ್ಲಿ ಬಾಗಿಸಬೇಕು. ಪ್ರತಿ ಹಂತದಲ್ಲಿಯೂ ಕೆಲಸಗಾರನು ತುಣುಕನ್ನು ಕೈಯಿಂದ ಇಟ್ಟು, ಪೆಡಲನ್ನು ತುಳಿದು, ಸಿದ್ಧವಾದುದನ್ನು ತೆಗೆಯುತ್ತಾನೆ. ಅಚ್ಚು ಅಗ್ಗ, ದುರಸ್ತಿ ಸುಲಭ. ಸಣ್ಣ ಪ್ರಮಾಣದ ಬೇಡಿಕೆಗೆ ಅನುಕೂಲ. ಆದರೆ ತುಣುಕನ್ನು ಪ್ರತಿ ಸಲವೂ ಹೊಸದಾಗಿ ಕೂರಿಸಬೇಕಾದುದರಿಂದ ಅಳತೆಯಲ್ಲಿ ವ್ಯತ್ಯಾಸ ಸೇರುತ್ತ ಹೋಗುತ್ತದೆ.

ಎರಡನೆಯದು ಸಂಯುಕ್ತ ಅಚ್ಚು. ಇದರಲ್ಲಿ ಹೊರಗಿನ ಅಂಚೂ ಒಳಗಿನ ತೂತೂ ಒಂದೇ ಹೊಡೆತದಲ್ಲಿ ಕತ್ತರಿಸಲ್ಪಡುತ್ತವೆ. ಆದುದರಿಂದ ಎರಡರ ಕೇಂದ್ರಗಳೂ ನಿಖರವಾಗಿ ಕೂಡುತ್ತವೆ. ತುಣುಕು ಚಪ್ಪಟೆಯಾಗಿ ಉಳಿಯುತ್ತದೆ. ಎರಡೂ ಅಂಚುಗಳ ಬರ್ ಒಂದೇ ಪಕ್ಕಕ್ಕೆ ಬೀಳುತ್ತದೆ. ವಾಷರುಗಳಿಗೂ ಮೋಟಾರಿನ ಹಾಳೆಗಳಿಗೂ ಇದು ಹೇಳಿಮಾಡಿಸಿದ ವಿಧಾನ. ಬಾಗಿಸುವ ಕೆಲಸ ಇರುವೆಡೆ ಇದು ಸಾಲದು.

ಮೂರನೆಯದು ಅನುಕ್ರಮ ಅಚ್ಚು. ಕಾರ್ಖಾನೆಯ ಭಾಷೆಯಲ್ಲಿ ಪ್ರೋಗ್ರೆಸಿವ್ ಡೈ. ಸುರುಳಿಯಿಂದ ಬಿಚ್ಚಿಕೊಂಡು ಬರುವ ಲೋಹದ ಪಟ್ಟಿ ಪ್ರತಿ ಹೊಡೆತಕ್ಕೂ ಒಂದು ನಿಗದಿತ ಹೆಜ್ಜೆಯಷ್ಟು ಮುಂದೆ ಸರಿಯುತ್ತದೆ. ಮೊದಲ ಠಾಣ್ಯದಲ್ಲಿ ಮಾರ್ಗದರ್ಶಿ ತೂತು, ಮುಂದಿನದರಲ್ಲಿ ಇತರ ತೂತುಗಳು, ಅದರ ಮುಂದೆ ಬಾಗುವಿಕೆ, ಕೊನೆಯಲ್ಲಿ ಬೇರ್ಪಡಿಕೆ. ಪ್ರತಿ ಠಾಣ್ಯದಲ್ಲಿಯೂ ಪೈಲಟ್ ಎಂಬ ಮೊಳೆ ಮಾರ್ಗದರ್ಶಿ ತೂತಿನೊಳಗಿಳಿದು ಪಟ್ಟಿಯನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸುತ್ತದೆ. ಪಟ್ಟಿ ತುಂಬಿದ ಮೇಲೆ ಹೊಡೆತಕ್ಕೊಂದು ಭಾಗ ಸಿದ್ಧವಾಗಿ ಉದುರುತ್ತದೆ. ಸಣ್ಣ ಭಾಗಗಳನ್ನು ನಿಮಿಷಕ್ಕೆ ನೂರಾರರಂತೆ ಮಾಡಬಹುದು. ಚಾಲನೆಯ ವೇಳೆಯಲ್ಲಿ ಅಚ್ಚಿನೊಳಗೆ ಕೈಯಿಡುವ ಅಗತ್ಯವೇ ಇಲ್ಲ. ಅಚ್ಚಿನ ಬೆಲೆ ಮಾತ್ರ ಒಂಟಿ ಅಚ್ಚುಗಳಿಗಿಂತ ಹಲವು ಪಟ್ಟು ಹೆಚ್ಚು.

ನಾಲ್ಕನೆಯದು ವರ್ಗಾವಣೆಯ ವಿಧಾನ. ಭಾಗವನ್ನು ಪಟ್ಟಿಯಿಂದ ಮೊದಲೇ ಬೇರ್ಪಡಿಸಿ, ಯಂತ್ರದ ಬೆರಳುಗಳು ಅದನ್ನು ಠಾಣ್ಯದಿಂದ ಠಾಣ್ಯಕ್ಕೆ ಎತ್ತಿಡುತ್ತವೆ. ಪಟ್ಟಿಗೆ ಅಂಟಿಕೊಂಡೇ ರೂಪಿಸಲಾಗದ ದೊಡ್ಡ ಅಥವಾ ಆಳವಾದ ಭಾಗಗಳಿಗೆ ಇದು ಯೋಗ್ಯ.

ಐದನೆಯದು ಆಳವಾಗಿ ಎಳೆಯುವುದು. ಸ್ಟೀಲು ಲೋಟ, ಡಬ್ಬಿ, ಮೋಟಾರಿನ ಹೊರಕವಚಗಳು ಹೀಗೆ ಹುಟ್ಟುತ್ತವೆ. ಇಲ್ಲಿ ತಗಡನ್ನು ಕತ್ತರಿಸದೆ, ಅದರ ಅಂಚನ್ನು ಹದವಾಗಿ ಒತ್ತಿಹಿಡಿದು, ಪಂಚಿನಿಂದ ಕುಳಿಯೊಳಗೆ ಎಳೆಯಲಾಗುತ್ತದೆ. ಹಿಡಿತ ಸಡಿಲವಾದರೆ ಸುಕ್ಕು ಬೀಳುತ್ತದೆ, ಬಿಗಿಯಾದರೆ ತಳ ಹರಿಯುತ್ತದೆ. ಒಂದೇ ಸಲಕ್ಕೆ ವ್ಯಾಸವನ್ನು ಸುಮಾರು ಅರ್ಧಕ್ಕಿಂತ ಕೆಳಗೆ ಇಳಿಸಲಾಗದು: 100 ಮಿ.ಮೀ. ಬಿಲ್ಲೆಯಿಂದ ಮೊದಲ ಎಳೆತಕ್ಕೆ 50–55 ಮಿ.ಮೀ. ವ್ಯಾಸದ ಬಟ್ಟಲು ಬಂದೀತು. ಇನ್ನೂ ಕಿರಿದಾದ, ಎತ್ತರವಾದ ಪಾತ್ರೆ ಬೇಕಾದರೆ ಮತ್ತೆ ಮತ್ತೆ ಎಳೆಯಬೇಕು. ಎಳೆದಂತೆಲ್ಲ ಗಡುಸಾಗುವ ಲೋಹವನ್ನು ನಡುವೆ ಕಾಯಿಸಿ ಮೆದುಗೊಳಿಸಬೇಕಾಗಲೂಬಹುದು.

ಆರನೆಯದು ಫೈನ್ ಬ್ಲಾಂಕಿಂಗ್ ಎಂಬ ನಯಕತ್ತರಿಕೆ. ಇದಕ್ಕೆ 1923ರಲ್ಲಿ ಸ್ವಿಟ್ಜರ್ಲೆಂಡಿನ ಫ್ರಿಟ್ಸ್ ಶೀಸ್ ಪೇಟೆಂಟ್ ಪಡೆದರು. ಕತ್ತರಿಸುವ ಗೆರೆಯ ಸುತ್ತ ಚೂಪಾದ ಉಂಗುರವೊಂದು ತಗಡನ್ನು ಕಚ್ಚಿ ಹಿಡಿಯುತ್ತದೆ; ಕೆಳಗಿನಿಂದ ಎದುರೊತ್ತು ಬೀಳುತ್ತದೆ; ಸಂದು ದಪ್ಪದ ನೂರಕ್ಕೆ ಅರ್ಧದಷ್ಟೇ. ಆದುದರಿಂದ ಲೋಹ ಬಿರಿಯದೆ, ಇಡೀ ದಪ್ಪಕ್ಕೂ ಅಂಚು ಕನ್ನಡಿಯಂತೆ ನಯವಾಗಿ ಬರುತ್ತದೆ. ಕಾರಿನ ಸೀಟನ್ನು ಹಿಂದೆಮುಂದೆ ವಾಲಿಸುವ ಹಲ್ಲುಭಾಗ, ಬಾಗಿಲ ಬೀಗದ ಕೊಕ್ಕೆ ಮುಂತಾದುವನ್ನು ಹೀಗೆ ಮಾಡಿದರೆ ಮತ್ತೆ ಕೆತ್ತುವ ಶ್ರಮ ಉಳಿಯುತ್ತದೆ. ಆದರೆ ಇದಕ್ಕೆ ವಿಶೇಷವಾದ ಪ್ರೆಸ್ ಬೇಕು, ವೇಗವೂ ಕಡಿಮೆ.

ಎಲ್ಲಿಗೆ ಯಾವುದು?

ವಡೋದರೆಯ ಟ್ರಾನ್ಸ್‌ಫಾರ್ಮರನ್ನೇ ತೆಗೆದುಕೊಳ್ಳಬಹುದು. ಅದರ ಗರ್ಭದಲ್ಲಿ ಒಂದೇ ದಿಮ್ಮಿ ಉಕ್ಕನ್ನಿಟ್ಟರೆ ಅದರೊಳಗೆ ಸುಳಿವಿದ್ಯುತ್ತು ಹುಟ್ಟಿ ಶಕ್ತಿ ಶಾಖವಾಗಿ ನಷ್ಟವಾಗುತ್ತದೆ. ಈ ನಷ್ಟ ಹಾಳೆಯ ದಪ್ಪದ ವರ್ಗಕ್ಕೆ ಅನುಗುಣವಾದುದು. ದಪ್ಪ ಅರ್ಧವಾದರೆ ನಷ್ಟ ಕಾಲು ಭಾಗಕ್ಕಿಳಿಯುತ್ತದೆ. ಆದುದರಿಂದಲೇ 0.23, 0.27, 0.30 ಮಿ.ಮೀ. ದಪ್ಪದ, ಮೇಲೆ ವಿದ್ಯುತ್ ನಿರೋಧಕ ಲೇಪವುಳ್ಳ ಹಾಳೆಗಳನ್ನು ಜೋಡಿಸಲಾಗುತ್ತದೆ. ದೊಡ್ಡ ಟ್ರಾನ್ಸ್‌ಫಾರ್ಮರಿನ ಹಾಳೆಗಳನ್ನು ಉದ್ದಕ್ಕೆ ಕತ್ತರಿಸುತ್ತಾರೆ. ಚಿಕ್ಕವುಗಳಿಗೆ ಇಂಗ್ಲಿಷಿನ ಇ ಮತ್ತು ಐ ಅಕ್ಷರಗಳ ಆಕಾರದಲ್ಲಿ ಅಚ್ಚಿನಿಂದ ಹೊಡೆಯುತ್ತಾರೆ. ಎರಡು ಇ ಆಕಾರಗಳನ್ನು ಎದುರುಬದುರಾಗಿ ಕತ್ತರಿಸಿದಾಗ ನಡುವಿನ ಕಿಟಕಿಗಳಿಂದ ಬೀಳುವ ತುಣುಕುಗಳೇ ಎರಡು ಐ ಆಕಾರಗಳಾಗುವಂತೆ ಅಳತೆಯನ್ನು ಹೊಂದಿಸಿರುವುದರಿಂದ ಲೋಹ ಬಹುಮಟ್ಟಿಗೆ ವ್ಯರ್ಥವಾಗುವುದಿಲ್ಲ. ಇಲ್ಲಿ ಬರ್ ದೊಡ್ಡದಾದರೆ ಅದು ಲೇಪವನ್ನು ಚುಚ್ಚಿ ಹಾಳೆಯಿಂದ ಹಾಳೆಗೆ ವಿದ್ಯುತ್ತನ್ನು ಹರಿಯಬಿಡುತ್ತದೆ. ತೆಳುವಾಗಿಸಿದ ಪ್ರಯೋಜನವೇ ಹಾಳಾಗುತ್ತದೆ. ಅದಕ್ಕಾಗಿ ಬೇಗ ಮೊಂಡಾಗದ ಕಾರ್ಬೈಡ್ ಅಚ್ಚುಗಳನ್ನು ಬಳಸುವುದುಂಟು.

ಸೂರತ್ತಿನ ಮಗ್ಗದಲ್ಲಿ ಬೇರೆಯೇ ಚಿಂತೆ. ಹಾಸುನೂಲುಗಳ ಮೇಲೆ ಒಂದೊಂದು ಡ್ರಾಪ್‌ಪಿನ್ ತೂಗುತ್ತಿರುತ್ತದೆ. ನೂಲು ಹರಿದೊಡನೆ ಅದು ಕೆಳಗೆ ಬಿದ್ದು ಮಗ್ಗವನ್ನು ನಿಲ್ಲಿಸುತ್ತದೆ. ಒಂದು ಮಗ್ಗಕ್ಕೆ ಇಂಥವು ಸಾವಿರಾರು ಬೇಕು. ನೂಲು ಹಾಯುವ ತೂತಿನ ಅಂಚಿನಲ್ಲಿ ಬರ್ ಇದ್ದರೆ, ನೂಲು ಹರಿದುದನ್ನು ತಿಳಿಸಬೇಕಾದ ಪಟ್ಟಿಯೇ ನೂಲನ್ನು ಹರಿಯುತ್ತದೆ. ಆದುದರಿಂದ ಹೊಡೆದ ಮೇಲೆ ಅವುಗಳನ್ನು ಪೀಪಾಯಿಯಲ್ಲಿ ಉರುಳಿಸಿ ಅಂಚುಗಳನ್ನು ನುಣುಪುಗೊಳಿಸುತ್ತಾರೆ. ಅನುಕ್ರಮ ಅಚ್ಚಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕನ್ನಡಿಗರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ತಯಾರಿಕೆ ಆರಂಭವಾದಾಗ, ಅಂಗೈಯಗಲದ ಯಂತ್ರಕ್ಕೆ ಬೇಕಾದ ಪುಟ್ಟ ಭಾಗಗಳನ್ನು ಲಕ್ಷಗಟ್ಟಲೆ ಒಂದೇ ಅಳತೆಯಲ್ಲಿ ಹೊಡೆಯುವ ವಿದ್ಯೆ ನಾಡಿಗೆ ಬಂದಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅಚ್ಚು ತಯಾರಿಸುವ ತರುಣರನ್ನು ಬೆಳೆಸುತ್ತ ಬಂದಿದೆ. ಅಹಮದಾಬಾದಿನ ವಟವಾದಲ್ಲಿರುವ ಇಂಡೋ ಜರ್ಮನ್ ಟೂಲ್ ರೂಮ್ ಇಲ್ಲಿ ಇಂಥದೇ ಕೆಲಸ ಮಾಡುತ್ತಿದೆ.

ಹಣದ ಲೆಕ್ಕ, ಕೈಯ ಲೆಕ್ಕ

ಮಾಲೀಕನು ವಿಧಾನವನ್ನು ಆರಿಸುವುದು ಸಾಮಾನ್ಯವಾಗಿ ಹಣದ ಲೆಕ್ಕದಿಂದ. ಒಂದು ಕಲ್ಪಿತ ಉದಾಹರಣೆ: ನಾಲ್ಕು ಹಂತಗಳ ಭಾಗವೊಂದಕ್ಕೆ ನಾಲ್ಕು ಒಂಟಿ ಅಚ್ಚುಗಳ ಬೆಲೆ 1 ಲಕ್ಷ ರೂಪಾಯಿ, ಅನುಕ್ರಮ ಅಚ್ಚಿನ ಬೆಲೆ 4 ಲಕ್ಷ ರೂಪಾಯಿ ಎಂದಿರಲಿ. ಅನುಕ್ರಮ ಅಚ್ಚಿನಿಂದ ಭಾಗವೊಂದಕ್ಕೆ 60 ಪೈಸೆ ಕೂಲಿ ಉಳಿಯುವುದಾದರೆ, ಹೆಚ್ಚುವರಿ 3 ಲಕ್ಷ ರೂಪಾಯಿ ಹಿಂದಿರುಗಲು 5 ಲಕ್ಷ ಭಾಗಗಳು ಬೇಕು. ಬೇಡಿಕೆ 50 ಸಾವಿರವೇ ಆಗಿದ್ದರೆ ಮಾಲೀಕ ಒಂಟಿ ಅಚ್ಚುಗಳನ್ನೇ ಹಿಡಿಯುತ್ತಾನೆ.

ಇದೇ ಲೆಕ್ಕವನ್ನು ಇನ್ನೊಂದು ಕಡೆಯಿಂದಲೂ ಮಾಡಬೇಕು. 50 ಸಾವಿರ ಭಾಗಗಳನ್ನು ನಾಲ್ಕು ಹಂತಗಳಲ್ಲಿ ಕೈಯಿಂದ ಇಟ್ಟು ಹೊಡೆದರೆ, ಕೈ 2 ಲಕ್ಷ ಸಲ ಅಚ್ಚಿನ ಬಳಿಗೆ ಹೋಗಿಬರುತ್ತದೆ. ಮನುಷ್ಯನೆಷ್ಟೇ ಜಾಗರೂಕನಾದರೂ 2 ಲಕ್ಷ ಸಲವೂ ಒಂದೇ ಬಗೆಯ ಎಚ್ಚರವನ್ನು ಕಾಯಲಾರ. ಪಾಳಿಯ ಕೊನೆಯ ಗಂಟೆ, ನಿದ್ದೆಗೆಟ್ಟ ರಾತ್ರಿ, ತುಣುಕು ಓರೆಯಾದಾಗ ಸರಿಪಡಿಸುವ ಸಹಜ ಆತುರ: ಇವುಗಳಲ್ಲಿ ಯಾವುದಾದರೊಂದು ಸಾಕು. ಆದುದರಿಂದ ಬೆರಳನ್ನು ಕಾಯುವ ಹೊಣೆಯನ್ನು ಕೆಲಸಗಾರನ ಎಚ್ಚರಕ್ಕೆ ಬಿಡದೆ ಯಂತ್ರದ ರಚನೆಗೇ ವಹಿಸಬೇಕೆಂಬುದು ಸುರಕ್ಷತಾಶಾಸ್ತ್ರದ ಮೂಲತತ್ತ್ವ.

ಪ್ರೆಸ್‌ಗಳಲ್ಲಿ ಎರಡು ಜಾತಿ. ಹಳೆಯ ಕೀಲಿ ಕ್ಲಚ್ಚಿನ ಪ್ರೆಸ್ ಒಮ್ಮೆ ಹೊರಟರೆ ಒಂದು ಸುತ್ತು ಮುಗಿಯುವವರೆಗೆ ನಿಲ್ಲದು. ನಿಮಿಷಕ್ಕೆ 60 ಹೊಡೆತದ ಇಂತಹ ಯಂತ್ರ ಮೇಲಿನಿಂದ ಕೆಳಗಿಳಿಯಲು ತೆಗೆದುಕೊಳ್ಳುವುದು ಅರ್ಧ ಸೆಕೆಂಡು. ಕೈಯ ವೇಗವನ್ನು ಸೆಕೆಂಡಿಗೆ 1600 ಮಿ.ಮೀ. ಎಂದು ಸುರಕ್ಷತಾ ತಜ್ಞರು ಎಣಿಸುತ್ತಾರೆ. ಅಷ್ಟು ಹೊತ್ತಿನಲ್ಲಿ ಕೈ 800 ಮಿ.ಮೀ. ದೂರದಿಂದಲೂ ಅಚ್ಚಿನೊಳಗೆ ಬರಬಲ್ಲದು. ಇದಕ್ಕೆ ಬೆಳಕಿನ ತೆರೆಯಂತಹ ಸಾಧನವನ್ನು ಜೋಡಿಸಿ ಪ್ರಯೋಜನವಿಲ್ಲ. ನಿಲ್ಲೆಂದರೆ ನಿಲ್ಲದ ಯಂತ್ರಕ್ಕೆ ಸುತ್ತಲೂ ಭದ್ರವಾದ ಬೇಲಿಯೇ ಬೇಕು. ಘರ್ಷಣ ಕ್ಲಚ್ ಮತ್ತು ಬ್ರೇಕ್ ಇರುವ ಪ್ರೆಸ್ ನಡುದಾರಿಯಲ್ಲಿಯೂ ನಿಲ್ಲುತ್ತದೆ. ಅದಕ್ಕೆ ಬೆಳಕಿನ ತೆರೆಯನ್ನೂ, ಎರಡು ಕೈಗಳಿಂದಲೂ ಒಟ್ಟಿಗೆ ಒತ್ತಬೇಕಾದ ಗುಂಡಿಗಳನ್ನೂ ಅಳವಡಿಸಬಹುದು. ನಿಲ್ಲಲು 0.3 ಸೆಕೆಂಡು ಬೇಕಾಗುವುದಾದರೆ ಗುಂಡಿಗಳು ಅಚ್ಚಿನಿಂದ ಕನಿಷ್ಠ 480 ಮಿ.ಮೀ. ದೂರವಿರಬೇಕೆಂಬುದು ಮೇಲಿನ ಲೆಕ್ಕದಿಂದಲೇ ಸಿದ್ಧವಾಗುತ್ತದೆ.

ಹೆಚ್ಚು ಹಣವಿಲ್ಲದ ಸಣ್ಣ ಕಾರ್ಖಾನೆಯೂ ಮಾಡಬಹುದಾದ ಕೆಲಸಗಳುಂಟು. ಅಚ್ಚಿನ ಬಾಯಿ 6 ಮಿ.ಮೀ.ಗಿಂತ ಹೆಚ್ಚು ತೆರೆಯದಂತೆ ಹೊಡೆತವನ್ನು ಕಿರಿದುಗೊಳಿಸಿದರೆ ಬೆರಳು ಒಳಹೋಗದು. ಜಾರುಬಂಡಿಯಂತಹ ತಟ್ಟೆಯ ಮೇಲೆ ತುಣುಕನ್ನಿಟ್ಟು ಹೊರಗಿನಿಂದಲೇ ತಳ್ಳಬಹುದು. ಚಿಮಟ ಅಥವಾ ಅಯಸ್ಕಾಂತದ ಹಿಡಿಕೆಯಿಂದ ತೆಗೆಯಬಹುದು. ಆದರೆ ಇವು ಬೇಲಿಗೆ ಸಹಾಯಕವೇ ಹೊರತು ಬದಲಲ್ಲ. ಪೆಡಲಿನ ಮೇಲೆ ಮುಚ್ಚಳವಿದ್ದರೆ ಆಕಸ್ಮಿಕವಾಗಿ ಕಾಲು ಬೀಳದು. ಯಂತ್ರಕ್ಕೆ ಬೇಲಿ ಹಾಕಬೇಕೆಂದು 1948ರ ಕಾರ್ಖಾನೆ ಕಾಯಿದೆ ವಿಧಿಸಿತ್ತು. ಕೆಲಸದ ಸ್ಥಳವನ್ನು ನಿರಪಾಯವಾಗಿಡುವ ಹೊಣೆಯನ್ನು 2020ರ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಹಿತೆಯೂ ಮಾಲೀಕನ ಮೇಲೆಯೇ ಇರಿಸಿದೆ. ಉತ್ಪಾದನೆ ಹೆಚ್ಚಲೆಂದು ಬೇಲಿಯನ್ನು ಕಳಚಿಡುವ ಅಭ್ಯಾಸಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅನುಕ್ರಮ ಅಚ್ಚಿನಲ್ಲಿಯೂ ಅಪಾಯ ಪೂರ್ಣವಾಗಿ ತೊಲಗುವುದಿಲ್ಲ. ಅಚ್ಚನ್ನು ಕೂರಿಸುವಾಗ, ಸಿಕ್ಕಿಕೊಂಡ ತುಣುಕನ್ನು ಬಿಡಿಸುವಾಗ ಕೈ ಒಳಗೆ ಹೋಗಲೇಬೇಕು. ಆಗ ವಿದ್ಯುತ್ತನ್ನು ಕಡಿದು ಬೀಗ ಹಾಕಿ, ಭಾರಚಕ್ರ ನಿಂತ ಮೇಲೆ, ಮೇಲಿನ ಭಾಗ ಬೀಳದಂತೆ ಗಟ್ಟಿಯಾದ ಆಧಾರದಿಮ್ಮಿಯನ್ನು ಕೊಟ್ಟೇ ಕೈಹಾಕಬೇಕು.

ಕಿವಿಯ ಮಾತು

ಬೆರಳಿನ ಗಾಯ ಕಣ್ಣಿಗೆ ಕಾಣುತ್ತದೆ. ಕಿವಿಯ ಗಾಯ ಕಾಣುವುದಿಲ್ಲ. ಪ್ರೆಸ್ ಅಂಗಳದ ಸದ್ದು ಅನೇಕ ವೇಳೆ 90 ಡೆಸಿಬೆಲ್ ಮೀರುತ್ತದೆ. ಅತಿವೇಗದ ಅನುಕ್ರಮ ಪ್ರೆಸ್‌ಗಳಲ್ಲಿ ಇದು ಇನ್ನೂ ತೀವ್ರ. ದಿನವೂ ಇಂತಹ ಸದ್ದಿಗೆ ಒಡ್ಡಿಕೊಂಡರೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ಮೊದಲು ಕುಂದುವುದು 4000 ಹರ್ಟ್ಸ್ ಸುತ್ತಲಿನ ಎತ್ತರದ ಸ್ವರ. ಆದುದರಿಂದ ಮಾತು ಕೇಳಿಸುತ್ತದೆ, ಆದರೆ ಸ, ಫ, ತ ಮುಂತಾದ ಅಕ್ಷರಗಳು ಸ್ಪಷ್ಟವಾಗುವುದಿಲ್ಲ. ಮನೆಯವರು ಗೊಣಗುತ್ತಿದ್ದಾರೆಂದು ಅನಿಸತೊಡಗಿದರೆ, ರೇಡಿಯೊ ಅಥವಾ ಟೆಲಿವಿಷನ್ನಿನ ಸದ್ದನ್ನು ಹೆಚ್ಚಿಸಬೇಕೆನಿಸಿದರೆ, ಪಾಳಿ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ ಶ್ರವಣ ಪರೀಕ್ಷೆಯನ್ನು ತಡಮಾಡಬಾರದು. ಕಿವಿಬಿರಡೆಯನ್ನು ಪಾಳಿಯುದ್ದಕ್ಕೂ ಧರಿಸಬೇಕು. ಸ್ವಲ್ಪ ಹೊತ್ತು ತೆಗೆದರೂ ಅದರ ರಕ್ಷಣೆ ಬಹಳವಾಗಿ ಕುಗ್ಗುತ್ತದೆ. ಕಾರ್ಖಾನೆಯ ಕೆಲಸಗಾರರ ಆರೋಗ್ಯವನ್ನೇ ಅಭ್ಯಾಸ ಮಾಡುವ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಹಮದಾಬಾದಿನಲ್ಲಿಯೇ ಇದೆ. 1966ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ 1970ರಲ್ಲಿ ಈಗಿನ ಹೆಸರು ಬಂದಿತು.

ಅವಘಡ ನಡೆದರೆ

ಬೆರಳು ತುಂಡಾದಾಗ ಮೊದಲು ಗಾಯದ ಮೇಲೆ ಶುಭ್ರವಾದ ಬಟ್ಟೆಯನ್ನು ಒತ್ತಿಹಿಡಿದು ಕೈಯನ್ನು ಮೇಲಕ್ಕೆತ್ತಬೇಕು. ಅರಿಸಿನ, ಕಾಫಿಪುಡಿ, ಯಂತ್ರದ ಎಣ್ಣೆ ಮೊದಲಾದುವನ್ನು ಹಚ್ಚಕೂಡದು. ತುಂಡಾದ ಭಾಗವನ್ನು ಎಸೆಯದೆ, ಒದ್ದೆಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆ ಬೆರೆತ ನೀರಿನಲ್ಲಿರಿಸಬೇಕು. ಮಂಜುಗಡ್ಡೆ ನೇರವಾಗಿ ತಾಕಿದರೆ ಅಂಗಾಂಶ ಹಾಳಾಗುತ್ತದೆ. ಮರುಜೋಡಣೆಯ ಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಗೆ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಜಜ್ಜಿಹೋದ ಬೆರಳಿಗಿಂತ ನೇರವಾಗಿ ಕತ್ತರಿಸಿದ ಬೆರಳು ಕೂಡುವ ಸಂಭವ ಹೆಚ್ಚು. ಆದರೆ ಅದನ್ನು ನಿರ್ಧರಿಸುವವರು ವೈದ್ಯರು. ಧನುರ್ವಾಯುವಿನ ಚುಚ್ಚುಮದ್ದನ್ನು ಮರೆಯಬಾರದು.

ನೌಕರರ ರಾಜ್ಯ ವಿಮಾ ಯೋಜನೆಗೆ ಒಳಪಟ್ಟ ಕೆಲಸಗಾರನಿಗೆ ಕೆಲಸದಿಂದಾದ ಗಾಯದ ಅಂಗವೈಕಲ್ಯ ಪರಿಹಾರ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯಿಸುತ್ತದೆ. ಭಾಷೆ ಬಾರದ ಹೊಸಬನಿಗೆ ಈ ವಿಷಯ ತಿಳಿದಿರುವುದು ಅಪರೂಪ. ಗುತ್ತಿಗೆದಾರನು ಹೆಸರನ್ನು ನೋಂದಾಯಿಸಿರುವನೇ ಎಂಬುದನ್ನು ಮೊದಲ ವಾರದಲ್ಲಿಯೇ ವಿಚಾರಿಸಿಕೊಳ್ಳುವುದು ಲೇಸು. ಗುಜರಾತಿ ಬಲ್ಲ ಹಿರಿಯ ಕನ್ನಡಿಗರು ಅಂತಹ ತರುಣನ ಜೊತೆಗೆ ಒಮ್ಮೆ ಕಾರ್ಖಾನೆಯ ಬಾಗಿಲವರೆಗೆ ಹೋಗಿ, ಪ್ರೆಸ್ ಯಾವ ಜಾತಿಯದು, ಬೇಲಿ ಇದೆಯೇ, ಗುರುತಿನ ಚೀಟಿ ಸಿಕ್ಕಿದೆಯೇ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬಂದರೆ, ಊರಿನಲ್ಲಿರುವ ಅವನ ತಾಯಿತಂದೆಯರಿಗೆ ದೊಡ್ಡ ಉಪಕಾರ ಮಾಡಿದಂತಾಗುತ್ತದೆ.